ಹೊಡೆದು ಹಾಕಿದ್ದು ಎಲ್ಲಿ ಹೋಯಿತು?

ಮಗ್ಗಿ ಮರೆತವರು, ಪ್ರಮೇಯ ಮರೆತವರು, ಕಲಿಸಿದ ಮೇಷ್ಟ್ರ ಮುಖವನ್ನೇ ಮರೆತವರು ಕೂಡ ಗಣಿತದ ಒಂದು ಮಾತನ್ನು ಮರೆತಿರುವುದಿಲ್ಲ: ‘ಎರಡನೇದನ್ನ ಉಲ್ಟಾ ಮಾಡು, ಗುಣಿಸು.’ ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಅಡಿಕೆ ಮಂಡಿಗೆ ಹೊರಟವರಿರಲಿ, ಅನಾನಸ್ ತೋಟದವರಿರಲಿ, ಪಹಣಿ ತರಲು ತಾಲ್ಲೂಕು ಕಚೇರಿಗೆ ಹೊರಟವರಿರಲಿ, ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಭಾಗಿಸುವುದು ಹೇಗೆ ಅಂದರೆ ಅಂಗೈಯನ್ನು ಮೇಲು ಕೆಳಗು ಮಾಡಿ ತೋರಿಸಿಯಾರು. ‘ಉಲ್ಟಾ ಯಾಕೆ ಮಾಡಬೇಕು?’ ಎಂದು ಕೇಳಿದಿರೋ, ಕಿಟಕಿಯಾಚೆ ಜೋಳದ ಹೊಲ ನೋಡಲು ಶುರುಮಾಡುತ್ತಾರೆ.

ನಾನು ಗಣಿತದ ಮೇಷ್ಟ್ರಾಗಿದ್ದವನು. ಅರ್ಧ ನೌಕರಿ ಸೊರಬ ತಾಲ್ಲೂಕಿನಲ್ಲಿ, ಇನ್ನರ್ಧ ಶಿಕಾರಿಪುರ ತಾಲ್ಲೂಕಿನಲ್ಲಿ ಕಳೆಯಿತು. ಈಗ ಸಂಜೆ ಹೊತ್ತು ಅಕ್ಕಪಕ್ಕದ ಮನೆಯ ಮಕ್ಕಳು ನೋಟ್‌ಬುಕ್ಕು ಹಿಡಿದು ಜಗಲಿಗೆ ಬರುತ್ತಾರೆ. ಫೀಸಿಲ್ಲದ ಟ್ಯೂಷನ್ನು, ಹಾಗಾಗಿ ವಿಷಯ ಬಿಟ್ಟು ಎಲ್ಲೆಲ್ಲಿಗೋ ಹೋಗುವ ಹಕ್ಕು ನನಗೆ ಪೂರ್ತಿ ಇದೆ. ಮಕ್ಕಳಿಗೂ ಅದು ಗೊತ್ತು. ಲೆಕ್ಕ ಕಷ್ಟ ಅನ್ನಿಸಿದ ಕೂಡಲೇ ‘ಸರ್, ತಾಳಗುಂದದ ಕಥೆ ಹೇಳಿ’ ಅನ್ನುತ್ತವೆ. ಒಮ್ಮೆ ಹೇಳಿಬಿಟ್ಟಿದ್ದೆ: ಇಲ್ಲೇ ಶಿರಾಳಕೊಪ್ಪದ ಹತ್ತಿರದ ತಾಳಗುಂದದವನು ಮಯೂರಶರ್ಮ, ಹೆಚ್ಚಿನ ಓದಿಗೆಂದು ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ ದರ್ಭೆ ಬಿಟ್ಟು ಕತ್ತಿ ಹಿಡಿದ, ಕದಂಬ ರಾಜ್ಯ ಕಟ್ಟಿದ ಅಂತ. ಪ್ರಣವೇಶ್ವರ ಗುಡಿಯ ಎದುರಿನ ಕಂಬದಲ್ಲಿ ಇದೆಲ್ಲ ಸಂಸ್ಕೃತದಲ್ಲಿ ಕೊರೆದಿದೆ, ರಚಿಸಿದವನು ಕುಬ್ಜ ಎಂಬ ಕವಿ. ಮಕ್ಕಳಿಗೆ ಕುಬ್ಜನೂ ಬೇಡ, ಕಂಬವೂ ಬೇಡ. ‘ಓದು ಬಿಟ್ಟಿದ್ದಕ್ಕೇ ರಾಜ ಆಗಿದ್ದು ಅಲ್ವಾ ಸರ್?’ ಎಂಬ ಒಂದು ಪಾಯಿಂಟನ್ನು ಮಾತ್ರ ಹಿಡಿದುಕೊಂಡವು. ಘಟಿಕೆಯ ಮಟ್ಟಕ್ಕೆ ಓದಿ ಆಮೇಲೆ ಬಿಟ್ಟವನು ಕಣ್ರೋ, ಎಂಟನೇ ಕ್ಲಾಸಿಗೆ ಬಿಟ್ಟವನಲ್ಲ ಅಂದೆ.

ಇರಲಿ, ಉಲ್ಟಾ ಮಾಡುವ ವಿಷಯಕ್ಕೆ ಬರೋಣ. ನಮ್ಮ ರೈತರು ಈ ಮಂತ್ರವಿಲ್ಲದೆಯೇ ಭಿನ್ನರಾಶಿಯ ಭಾಗಾಕಾರವನ್ನು ಸಲೀಸಾಗಿ ಮಾಡುತ್ತಾರೆ. ಮೂರು ಎಕರೆ ಗದ್ದೆ ಇದೆ, ಮುಕ್ಕಾಲು ಎಕರೆಯ ತುಂಡು ಎಷ್ಟು ಆಗುತ್ತವೆ? ಯಾರೂ ಮುಕ್ಕಾಲನ್ನು ತಲೆಕೆಳಗು ಮಾಡಲು ಹೋಗುವುದಿಲ್ಲ. ಎಕರೆಗೆ 40 ಗುಂಟೆ, ಮೂರು ಎಕರೆ ಅಂದರೆ 120 ಗುಂಟೆ, ಮುಕ್ಕಾಲು ಅಂದರೆ 30 ಗುಂಟೆ, ನಾಲ್ಕು ತುಂಡು ಅಂತ ಎಲೆಯಡಿಕೆ ಹಾಕಿಕೊಳ್ಳುತ್ತಲೇ ಹೇಳಿಬಿಡುತ್ತಾರೆ. ಗುಂಟೆಯೂ ಸಾಲದೆ ಹೋದರೆ ಅದರೊಳಗೆ 16 ಆಣೆ ಇದೆ. ಇಲ್ಲಿ ಆಗಿದ್ದು ಏನು? ಭಾಗ ಮಾಡಬೇಕಾದದ್ದನ್ನೂ ಭಾಗ ಮಾಡುವುದನ್ನೂ ಒಂದೇ ಸಂಖ್ಯೆಯಿಂದ, ಅಂದರೆ 40ರಿಂದ, ಗುಣಿಸಿದ್ದು. ಹಾಗೆ ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಬರುವ ಉತ್ತರ ಬದಲಾಗುವುದಿಲ್ಲ. 12ನ್ನು 4ರಿಂದ ಭಾಗಿಸಿದರೂ ಮೂರು, 24ನ್ನು 8ರಿಂದ ಭಾಗಿಸಿದರೂ ಮೂರು.

ಈಗ ಗುಂಟೆಯ ನಲವತ್ತೇ ಯಾಕೆ, ಇನ್ನೂ ಒಳ್ಳೆಯ ಸಂಖ್ಯೆ ಇರಬಹುದಲ್ಲ? ಇದೆ. ಭಾಜಕವನ್ನು ಸೀದಾ 1 ಮಾಡಿಬಿಡುವ ಸಂಖ್ಯೆ. ಮುಕ್ಕಾಲನ್ನು ಒಂದು ಮಾಡಬೇಕಾದರೆ ಮೂರನೇ ನಾಲ್ಕರಿಂದ ಗುಣಿಸಬೇಕು. ಅದರಿಂದಲೇ ಮೂರು ಎಕರೆಯನ್ನೂ ಗುಣಿಸಿದರೆ ನಾಲ್ಕು. ನಾಲ್ಕನ್ನು ಒಂದರಿಂದ ಭಾಗಿಸಲು ಕೆಲಸವೇ ಇಲ್ಲ. ಉಲ್ಟಾ ಮಾಡುವುದರ ಗುಟ್ಟೆಲ್ಲ ಇಷ್ಟೇ. ಇಪ್ಪತ್ತು ಸೆಕೆಂಡಿನಲ್ಲಿ ಹೇಳಬಹುದಾದ ಇದನ್ನು ಯಾಕೋ ಬಹಳ ಕ್ಲಾಸುಗಳಲ್ಲಿ ಹೇಳುವುದಿಲ್ಲ. ಪೋರ್ಷನ್ ಮುಗಿಸುವ ಅವಸರ ಇರಬಹುದು.

ಈ ನಿಯಮ ನಮ್ಮ ನಾಡಿಗೆ ಇಂಗ್ಲಿಷರ ಸ್ಕೂಲಿನ ಜೊತೆ ಬಂದದ್ದು ಅಂತ ಯಾರಾದರೂ ತಿಳಿದಿದ್ದರೆ ಬಿಟ್ಟುಬಿಡಿ. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಜೈನ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದವನು. ಕನ್ನಡಕ್ಕೆ ‘ಕವಿರಾಜಮಾರ್ಗ’ ಸಿಕ್ಕಿದ್ದೂ ಅದೇ ಆಸ್ಥಾನದಿಂದ. ಆಗ ಮಾನ್ಯಖೇಟದಲ್ಲಿ ಅಮೋಘವರ್ಷ ಕೂತಿದ್ದರೆ, ನಮ್ಮ ಶಿಕಾರಿಪುರ ಸೊರಬಗಳು ಸೇರಿದ್ದ ಬನವಾಸಿ ಪನ್ನಿರ್ಛಾಸಿರವನ್ನು ನೋಡಿಕೊಳ್ಳುತ್ತಿದ್ದವನು ಅವನ ದಂಡನಾಯಕ ಬಂಕೆಯ. ಬಂಕಾಪುರಕ್ಕೆ ಹೆಸರು ಬಂದದ್ದು ಅವನಿಂದಲೇ. ಮಹಾವೀರನ ಪುಸ್ತಕದಲ್ಲಿ ಭಿನ್ನರಾಶಿಗೆಂದೇ ‘ಕಲಾಸವರ್ಣ’ ಎಂಬ ಅಧ್ಯಾಯ ಇದೆ. ಭಾಜಕದ ಛೇದವನ್ನು ಅಂಶದ ಜಾಗಕ್ಕೂ ಅಂಶವನ್ನು ಛೇದದ ಜಾಗಕ್ಕೂ ಹಾಕಿಕೊಂಡು, ಆಮೇಲೆ ಗುಣಾಕಾರದ ಹಾಗೆಯೇ ನಡೆಸು ಎಂಬ ಅರ್ಥದ ಸೂತ್ರ ಅಲ್ಲಿದೆ. ಅವನಿಗಿಂತ ಮುಂಚೆ 628ರಲ್ಲಿ ಬ್ರಹ್ಮಗುಪ್ತನೂ ಹೇಳಿದ್ದಾನೆ. ಯಾಕೆ ಹಾಗೆ ಮಾಡಬೇಕು ಅಂತ ಸೂತ್ರದಲ್ಲಿ ಹೇಳುವ ರೂಢಿ ಆಗಲೂ ಇರಲಿಲ್ಲ, ಅದು ವ್ಯಾಖ್ಯಾನಕಾರರಿಗೆ ಬಿಟ್ಟ ಕೆಲಸ.

ಮಹಾವೀರನ ಪುಸ್ತಕವನ್ನು ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ 1912ರಲ್ಲಿ ಹೊರತಂದರು. ಓದಲು ಕೂತರೆ ಗಣಿತ ಪುಸ್ತಕ ಅಂತ ಮರೆತೇ ಹೋಗುತ್ತದೆ. ಶುರುವಿನಲ್ಲೇ ಗಣಿತದ ಗುಣಗಾನ. ಲೌಕಿಕಕ್ಕೆ ಬೇಕು, ವೈದಿಕಕ್ಕೆ ಬೇಕು, ಕಾಮಶಾಸ್ತ್ರಕ್ಕೆ ಬೇಕು, ಸಂಗೀತ ನಾಟಕಕ್ಕೆ ಬೇಕು, ಅಡುಗೆಗೂ ವೈದ್ಯಕ್ಕೂ ಮನೆ ಕಟ್ಟುವುದಕ್ಕೂ ಬೇಕು ಅನ್ನುತ್ತಾನೆ. ಕಾಮಶಾಸ್ತ್ರ ಸುಮ್ಮನೆ ಸೇರಿಸಿದ್ದಲ್ಲ ಅನ್ನುವುದಕ್ಕೆ ಮುಂದೆ ಒಂದು ಲೆಕ್ಕ ಬರುತ್ತದೆ. ವಸಂತದ ರಾತ್ರಿ, ಗಂಡ ಹೆಂಡಿರ ಪ್ರಣಯ ಕಲಹದಲ್ಲಿ ಮುತ್ತಿನ ಹಾರ ಹರಿಯುತ್ತದೆ. ಮೂರನೇ ಒಂದು ಭಾಗ ದಾಸಿಯ ಕಡೆ, ಆರನೇ ಒಂದು ಹಾಸಿಗೆಯ ಮೇಲೆ, ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ, ಹೀಗೆ ಆರು ಸಲ ಅಲ್ಲಲ್ಲಿ ಚೆಲ್ಲಿಹೋಗಿ, ಕೊನೆಗೆ ದಾರದಲ್ಲಿ 1161 ಮುತ್ತು ಉಳಿದವು. ಹಾರದಲ್ಲಿ ಇದ್ದದ್ದು ಎಷ್ಟು? ಉತ್ತರ 1,48,608. ಅಷ್ಟು ಮುತ್ತಿನ ಹಾರ ಹೊತ್ತುಕೊಂಡು ಆ ಹೆಣ್ಣುಮಗಳು ಜಗಳ ಆಡಿದಳು ಅನ್ನುವುದೇ ನನಗೆ ಗಣಿತಕ್ಕಿಂತ ದೊಡ್ಡ ಸೋಜಿಗ.

ಕನ್ನಡದಲ್ಲೇ ಗಣಿತ ಬೇಕು ಅನ್ನುವವರಿಗೆ 12ನೇ ಶತಮಾನದ ರಾಜಾದಿತ್ಯ ಇದ್ದಾನೆ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಎಲ್ಲ ಕನ್ನಡದಲ್ಲಿ ಬರೆದ. ಅವನ ಬಗ್ಗೆ ಇನ್ನೊಂದು ದಿನ ಹರಟೋಣ, ಇವತ್ತೇ ಶುರುಮಾಡಿದರೆ ಕತ್ತಲಾಗುತ್ತದೆ.

ಅಂಕಿಗಳಲ್ಲಿ ಇರುವವರೆಗೆ ಭಾಗಾಕಾರ ಸಾಧು. ಅಕ್ಷರ ಬಂದ ಮೇಲೆಯೇ ಮಕ್ಕಳ ಮುಖ ಸಪ್ಪಗಾಗುವುದು. ಆ ಅಕ್ಷರವೂ ಇಂಗ್ಲಿಷಿನ ಎಕ್ಸ್ ಆದ್ದರಿಂದ ಭಯ ಇಮ್ಮಡಿ. ಭಾಸ್ಕರಾಚಾರ್ಯ ‘ಬೀಜಗಣಿತ’ದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ‘ಯಾವತ್ತಾವತ್’ ಎಂದು ಹೆಸರಿಟ್ಟು, ಮೊದಲಕ್ಷರ ತೆಗೆದುಕೊಂಡು ‘ಯಾ’ ಎಂದು ಬರೆಯುವ ಪದ್ಧತಿ ಬಳಸಿದ. ಎರಡನೆಯ ಅಜ್ಞಾತ ಬಂದರೆ ಕಾಲಕ, ಮೂರನೆಯದಕ್ಕೆ ನೀಲಕ, ಹೀಗೆ ಬಣ್ಣಗಳ ಸಾಲು. ನಾನೂ ಇಲ್ಲಿ ‘ಯಾ’ ಎಂದೇ ಬರೆಯುತ್ತೇನೆ. ಆದರೆ ಅಂಶಕ್ಕೂ ಛೇದಕ್ಕೂ ನಡುವೆ ಗೆರೆ ಎಳೆಯುವ ಪದ್ಧತಿ ಅವನದಲ್ಲ. ನಮ್ಮ ಹಳಬರು ಒಂದರ ಕೆಳಗೊಂದು ಬರೆದು ಸುಮ್ಮನಾಗುತ್ತಿದ್ದರು, ಗೆರೆ ಹಾಕಿದವರು ಅರಬರು. ಎರಡು ಚುಕ್ಕಿಯ ನಡುವೆ ಅಡ್ಡಗೆರೆ ಇರುವ ಭಾಗಾಕಾರ ಚಿಹ್ನೆ ಇನ್ನೂ ಈಚಿನದು, ಸ್ವಿಟ್ಜರ್ಲೆಂಡಿನ ರಾನ್ ಎಂಬಾತ 1659ರಲ್ಲಿ ಅಚ್ಚು ಹಾಕಿದ್ದು.

ಈಗ ಜಗಲಿಯ ಮೇಲಿನ ಲೆಕ್ಕ. ನಾನು ಬೇಕೆಂದೇ ಕೊಡುವ ಲೆಕ್ಕ ಇದು:

(ಯಾ² − 9) / (ಯಾ² + 5ಯಾ + 6) ÷ (ಯಾ − 3) / (ಯಾ + 2)

ಕೊಟ್ಟ ಕೂಡಲೇ ಒಬ್ಬ ಹುಡುಗ ಪೆನ್ನು ತೆಗೆದು ಮೇಲಿನ ಯಾ-ವರ್ಗ, ಕೆಳಗಿನ ಯಾ-ವರ್ಗ ಎರಡಕ್ಕೂ ಗೆರೆ ಹೊಡೆದ. ‘ಎಂತ ಮಾಡ್ತಿದೀಯೋ?’

‘ಮೇಲೂ ಐತೆ, ಕೆಳಗೂ ಐತೆ. ಹೊಡದ್ಹಾಕಿದೆ ಸರ್.’

ಇದು ಎಲ್ಲ ಊರಿನ ಎಲ್ಲ ಮಕ್ಕಳಿಗೂ ಅಂಟಿದ ರೋಗ. ಎನ್‌ಸಿಇಆರ್‌ಟಿಯ ಎಂಟನೇ ತರಗತಿ ಪುಸ್ತಕದಲ್ಲಿ ಅಪವರ್ತಿಸುವಿಕೆಯ ಪಾಠದ ಕೊನೆಗೆ ‘ತಪ್ಪು ಹುಡುಕಿ ಸರಿಪಡಿಸಿ’ ಎಂಬ ಅಭ್ಯಾಸ ಒಂದಿತ್ತು. (7ಯಾ + 5)/5 ಅಂದರೆ 7ಯಾ ಅಂತೆ, 3/(4ಯಾ + 3) ಅಂದರೆ 1/4ಯಾ ಅಂತೆ, ಹೀಗೆ ಒಂದಕ್ಕಿಂತ ಒಂದು ಚೆಂದದ ತಪ್ಪುಗಳು. ಬರೆದವರು ಯಾರೋ ಉತ್ತರ ಪತ್ರಿಕೆ ತಿದ್ದಿ ತಿದ್ದಿ ಬೇಸತ್ತವರೇ ಇರಬೇಕು, ಇಲ್ಲದಿದ್ದರೆ ಅಷ್ಟು ಸಹಜವಾದ ತಪ್ಪು ಹೊಳೆಯುವುದಿಲ್ಲ.

ಬೈದರೆ ಈ ರೋಗ ಹೋಗುವುದಿಲ್ಲ. ಪರೀಕ್ಷೆ ಮಾಡಿ ನೋಡಲು ಕಲಿಸಬೇಕು. (ಯಾ + 3)/(ಯಾ + 5) ಅನ್ನುವಲ್ಲಿ ಯಾ ಹೊಡೆದರೆ 3/5 ಆಗುತ್ತದೆ ಅಂದೆಯಾ? ಯಾ ಜಾಗಕ್ಕೆ 1 ಹಾಕು. 4/6 ಬಂತು. ಮೂರನೇ ಎರಡು. ಐದನೇ ಮೂರು ಎಲ್ಲಿ, ಮೂರನೇ ಎರಡು ಎಲ್ಲಿ? ಅವನು ಒಂದು ನಿಮಿಷ ಪುಸ್ತಕ ನೋಡಿದ, ಒಂದು ನಿಮಿಷ ನನ್ನ ಮುಖ ನೋಡಿದ. ಕೂಡಿಸಿ ಕಟ್ಟಿದ್ದನ್ನು ಹೊಡೆಯಬಾರದು, ಗುಣಿಸಿ ಕಟ್ಟಿದ್ದನ್ನು ಮಾತ್ರ ಹೊಡೆಯಬಹುದು ಅಂತ ಆಮೇಲೆ ಹೇಳಿದರೆ ನಾಟುತ್ತದೆ. ಅದಕ್ಕೇ ಮೊದಲ ಕೆಲಸ ಅಪವರ್ತಿಸುವುದು, ಕೂಡಿಸಿದ ರೂಪದಲ್ಲಿ ಇರುವುದನ್ನೆಲ್ಲ ಗುಣಿಸಿದ ರೂಪಕ್ಕೆ ತರುವುದು. ಇದನ್ನು ಮಾಡದೆ ಪೆನ್ನು ಎತ್ತಬಾರದು.

ಅಪವರ್ತಿಸಿದೆವು. ಯಾ² − 9 ವರ್ಗಗಳ ವ್ಯತ್ಯಾಸ, (ಯಾ − 3)(ಯಾ + 3) ಆಯಿತು. ಯಾ² + 5ಯಾ + 6ರಲ್ಲಿ ನಡುವಿನ 5ನ್ನು 2 ಮತ್ತು 3 ಎಂದು ಒಡೆದರೆ (ಯಾ + 2)(ಯಾ + 3). ಎರಡನೆಯದನ್ನು ಉಲ್ಟಾ ಮಾಡಿದೆವು:

(ಯಾ − 3)(ಯಾ + 3) / (ಯಾ + 2)(ಯಾ + 3) × (ಯಾ + 2) / (ಯಾ − 3)

ಈಗ ಹೊಡೆಯಲು ಲೈಸೆನ್ಸು ಸಿಕ್ಕಿತು. ಮಕ್ಕಳಿಗೆ ಇದರಷ್ಟು ಖುಷಿ ಕೊಡುವ ಕೆಲಸ ಬೀಜಗಣಿತದಲ್ಲಿ ಇನ್ನೊಂದಿಲ್ಲ. ಯಾ + 3 ಹೋಯಿತು, ಯಾ + 2 ಹೋಯಿತು, ಯಾ − 3 ಹೋಯಿತು. ಪುಟದ ಮೇಲೆ ಓರೆ ಗೆರೆಗಳ ಬೇಲಿ ಎದ್ದಿತು. ಎಲ್ಲ ಹೋದ ಮೇಲೆ ಉಳಿದದ್ದು? ‘ಸೊನ್ನೆ ಸರ್’ ಅಂದ ಅದೇ ಹುಡುಗ. ಪಕ್ಕದವಳು ‘ಒಂದು’ ಅಂದಳು. ಇಬ್ಬರಿಗೂ ಜಗಳ ಹತ್ತಿತು. ನಾನು ಬಿಡಿಸಲು ಹೋಗಲಿಲ್ಲ. ಯಾ ಜಾಗಕ್ಕೆ 4 ಹಾಕಿ ಅಂದೆ. ಮೊದಲ ಭಿನ್ನರಾಶಿ 7/42, ಅಂದರೆ 1/6. ಎರಡನೆಯದೂ 1/6. ಆರನೇ ಒಂದನ್ನು ಆರನೇ ಒಂದರಿಂದ ಭಾಗಿಸಿದರೆ ಒಂದು. 5 ಹಾಕಿದರು, ಎರಡು ಕಡೆಯೂ 2/7 ಬಂತು, ಮತ್ತೆ ಒಂದು. ಹುಡುಗಿ ಗೆದ್ದಳು.

ಗೆದ್ದ ಹುಮ್ಮಸ್ಸಿನಲ್ಲಿ ‘ಇನ್ನು 3 ಹಾಕ್ಲಾ ಸರ್?’ ಅಂದಳು. ಹಾಕು ಅಂದೆ. ನಾನು ಕಾಯುತ್ತಿದ್ದದ್ದೇ ಅದಕ್ಕೆ.

ಯಾ 3 ಆದರೆ ಮೊದಲ ಭಿನ್ನರಾಶಿಯ ಅಂಶ 9 − 9, ಸೊನ್ನೆ. ಛೇದ 9 + 15 + 6, ಮೂವತ್ತು. ಸೊನ್ನೆಯ ಕೆಳಗೆ ಮೂವತ್ತು, ಒಟ್ಟು ಸೊನ್ನೆ. ಎರಡನೆಯದು ಸೊನ್ನೆಯ ಕೆಳಗೆ ಐದು, ಅದೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕು. ಉತ್ತರದಲ್ಲಿ ನೋಡಿದರೆ ‘1’ ಅಂತ ಠೀವಿಯಿಂದ ಕೂತಿದೆ, ಲೆಕ್ಕದ ಒಳಗೆ ನೋಡಿದರೆ ನೆಲವೇ ಇಲ್ಲ. −2 ಹಾಕಿದರೂ ಹಾಗೆಯೇ ಮುಗ್ಗರಿಸುತ್ತದೆ, −3 ಹಾಕಿದರೂ ಹಾಗೆಯೇ. ಹಾಗಾದರೆ ಉತ್ತರ ಬರೀ 1 ಅಲ್ಲ. ‘1, ಆದರೆ ಯಾ ಎಂಬುದು 3, −2, −3 ಆಗಿರಕೂಡದು’ ಎಂಬುದು ಪೂರ್ತಿ ಉತ್ತರ.

ಇಷ್ಟು ಹೊತ್ತು ಹರಟಿದ್ದು ಈ ಕೊನೆಯ ಸಾಲಿಗಾಗಿಯೇ. ನೋಟ್‌ಬುಕ್ಕುಗಳಲ್ಲಿ ಈ ಸಾಲು ಇರುವುದಿಲ್ಲ. ಗೈಡುಗಳಲ್ಲಂತೂ ಇಲ್ಲವೇ ಇಲ್ಲ. ಅದರಲ್ಲೂ ಮೂರರ ವಿಷಯ ವಿಶೇಷ. −2, −3 ಛೇದದಲ್ಲಿ ಕೂತಿರುವುದರಿಂದ ಜಾಗರೂಕ ಹುಡುಗರ ಕಣ್ಣಿಗೆ ಬೀಳುತ್ತವೆ. ಯಾ − 3 ಪ್ರಶ್ನೆಯಲ್ಲಿ ಇದ್ದದ್ದು ಎರಡನೆಯ ಭಿನ್ನರಾಶಿಯ ಮೇಲ್ಭಾಗದಲ್ಲಿ, ಪಾಪದವನ ಹಾಗೆ. ಉಲ್ಟಾ ಮಾಡಿದಾಗ ಕೆಳಗೆ ಬಂತು, ಬಂದ ಮರುಕ್ಷಣ ಹೊಡೆದುಹೋಯಿತು. ಛೇದದಲ್ಲಿ ಅದು ಬಾಳಿದ್ದು ಒಂದೇ ಒಂದು ಸಾಲು. ಗುಣಾಕಾರದ ಲೆಕ್ಕದಲ್ಲಿ ಛೇದಗಳನ್ನು ನೋಡಿದರೆ ಸಾಕು, ಭಾಗಾಕಾರದಲ್ಲಿ ಭಾಜಕದ ಅಂಶವನ್ನೂ ನೋಡಬೇಕು. ಭಾಜಕವೇ ಸೊನ್ನೆಯಾದರೆ ಭಾಗಿಸುವ ಮಾತೇ ಇಲ್ಲವಲ್ಲ.

ನಮ್ಮ ಕಡೆಯ ದೊಡ್ಡವರಿಗೆ ಇದನ್ನು ಹೇಳಲು ಪಹಣಿಗಿಂತ ಒಳ್ಳೆಯ ಸಾಧನ ಇಲ್ಲ. ಅಣ್ಣ ತಮ್ಮ ಹಿಸ್ಸೆ ಆಗುತ್ತಾರೆ, 11ಇ ನಕ್ಷೆ ಆಗುತ್ತದೆ, ಪೋಡಿ ಆಗುತ್ತದೆ, ಅಪ್ಪನ ಹೆಸರು ಹೋಗಿ ಮಕ್ಕಳ ಹೆಸರು ಬರುತ್ತದೆ. 11ನೇ ಕಾಲಂನಲ್ಲಿ ಅಪ್ಪ ಮಾಡಿದ ಸೊಸೈಟಿ ಸಾಲ ಮಾತ್ರ ಹಾಗೆಯೇ ಕೂತಿರುತ್ತದೆ, ಎರಡು ಹಿಸ್ಸೆಯಲ್ಲೂ. ಅಪ್ಪನ ಹೆಸರು ಹೊಡೆದಾಯಿತಲ್ಲ ಅಂತ ವಾದ ಮಾಡಿದರೆ ಗ್ರಾಮ ಆಡಳಿತಾಧಿಕಾರಿ ನಗುತ್ತಾರೆ. ಯಾ − 3ರ ಕಥೆಯೂ ಅದೇ. ಈ ಹೋಲಿಕೆ ಹೇಳಿದಾಗ ಮಕ್ಕಳಿಗಿಂತ ಹೆಚ್ಚಾಗಿ, ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಹುಡುಗನ ತಂದೆ ತಲೆಯಾಡಿಸಿದರು. ಅವರ ಹಿಸ್ಸೆ ಕೇಸು ಇನ್ನೂ ಮುಗಿದಿಲ್ಲ ಎಂದು ಆಮೇಲೆ ತಿಳಿಯಿತು.

ಇನ್ನೊಂದು ಕಡೆ ಮಕ್ಕಳು ಜಾರುವುದು 3 − ಯಾ ಬಂದಾಗ. ಮೇಲೆ ಯಾ − 3, ಕೆಳಗೆ 3 − ಯಾ. ಕೆಲವರು ಎರಡೂ ಒಂದೇ ಅಂತ ಹೊಡೆದು 1 ಬರೆಯುತ್ತಾರೆ. ಕೆಲವರು ಎರಡೂ ಬೇರೆ ಅಂತ ಮುಟ್ಟದೆ ಹಾಗೆಯೇ ಬಿಡುತ್ತಾರೆ. 10 ಹಾಕಿ ನೋಡಿದರೆ ಒಂದು ಕಡೆ 7, ಇನ್ನೊಂದು ಕಡೆ −7. ಹೊಡೆಯಬಹುದು, ಹೊಡೆದ ಮೇಲೆ −1 ಉಳಿಯುತ್ತದೆ. ಮೂರು ಭಿನ್ನರಾಶಿ ಸಾಲಾಗಿ ಭಾಗಾಕಾರದಲ್ಲಿ ಬಂದರೆ ಎಡದಿಂದ ಒಂದೊಂದಾಗಿ ಮಾಡಬೇಕು, ಅಂದರೆ ಮೊದಲನೆಯದನ್ನು ಬಿಟ್ಟು ಉಳಿದೆರಡೂ ಉಲ್ಟಾ. ಮೊದಲನೆಯದನ್ನೇ ಉಲ್ಟಾ ಮಾಡುವ ಪುಣ್ಯಾತ್ಮರೂ ಇದ್ದಾರೆ, ಅವರಿಗೆ 6 ÷ 2 ಕೊಟ್ಟು ಅದೇ ರೀತಿ ಮಾಡಿಸಿದರೆ 1/3 ಬಂದು ತಾವೇ ಗಾಬರಿಯಾಗುತ್ತಾರೆ.

ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ತಕರಾರಿಗೆ ವಾಪಸು ಬರುತ್ತೇನೆ, ಯಾಕೆಂದರೆ ಈ ತಕರಾರಿನಲ್ಲಿ ನಮ್ಮ ದೊಡ್ಡ ದೊಡ್ಡವರೇ ಸಿಕ್ಕಿಕೊಂಡಿದ್ದಾರೆ. ಬ್ರಹ್ಮಗುಪ್ತ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಅಂದುಬಿಟ್ಟ. ಉಲ್ಟಾ ಮಾಡುವ ಸೂತ್ರವನ್ನು ಅಷ್ಟು ಚೊಕ್ಕವಾಗಿ ಹೇಳಿದ ಮಹಾವೀರ, ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆ ಅಂದ. ಯಾರಿಗೂ ಹಂಚದೆ ಇದ್ದರೆ ಇದ್ದದ್ದು ಇದ್ದಲ್ಲೇ ಇರುತ್ತದಲ್ಲ ಅನ್ನುವ ಯೋಚನೆ ಇರಬೇಕು. ಹುಡುಗರೂ ಅದನ್ನೇ ಹೇಳುತ್ತಾರೆ, ಹಾಗಾಗಿ ಮಹಾವೀರನ ಮೇಲೆ ನನಗೆ ಸಿಟ್ಟಿಲ್ಲ.

ಭಾಸ್ಕರನ ದಾರಿ ಬೇರೆ. ಅವನ ಊರು ವಿಜಯಪುರ ಎಂದು ನಮ್ಮವರು, ಚಾಳೀಸಗಾಂವ್ ಹತ್ತಿರದ ಪಾಟಣ ಎಂದು ಮರಾಠಿಯವರು ಹಕ್ಕು ಹೂಡಿದ್ದಾರೆ, ಆ ಹಿಸ್ಸೆಗೆ ನಾನು ಹೋಗುವುದಿಲ್ಲ. 1114ರಲ್ಲಿ ಹುಟ್ಟಿ 1150ರಲ್ಲಿ ‘ಲೀಲಾವತಿ’ ಮುಗಿಸಿದ. ಅದಾಗಿ ಹನ್ನೆರಡು ವರ್ಷಕ್ಕೆ, 1162ರಲ್ಲಿ, ನಮ್ಮ ಬಳ್ಳಿಗಾವೆಯ ಕೋಡಿಯ ಮಠದ ಶಾಸನ. ಕೇದಾರೇಶ್ವರ ಗುಡಿಗೆ ಹೋದವರು ಕೆರೆಯ ಕೋಡಿಯ ಆ ಜಾಗದಲ್ಲಿ ಒಂದು ಕ್ಷಣ ನಿಲ್ಲಬೇಕು. ನಾಲ್ಕು ವೇದ, ಕೌಮಾರ ಪಾಣಿನೀಯ ಶಾಕಟಾಯನ ಮೊದಲಾದ ವ್ಯಾಕರಣ, ನ್ಯಾಯ ವೈಶೇಷಿಕ ಮೀಮಾಂಸೆ ಸಾಂಖ್ಯ, ಜೊತೆಗೆ ಬೌದ್ಧ ದರ್ಶನ, ಹದಿನೆಂಟು ಪುರಾಣ, ಕಾವ್ಯ ನಾಟಕ, ಇಷ್ಟೆಲ್ಲದರ ಓದು ನಡೆಯುವ ಜಾಗ ಎಂದು ಶಾಸನ ಹೊಗಳುತ್ತದೆ. ಕುರುಡರು, ಕುಂಟರು, ಬಡವರಿಗೆ ಊಟ, ರೋಗಿಗಳಿಗೆ ಔಷಧ ಕೂಡ. ಕಾಳಾಮುಖರ ಮಠ. ದಿನಾ ಅಷ್ಟು ಜನಕ್ಕೆ ಅಕ್ಕಿ ಅಳೆಯುತ್ತಿದ್ದ ಅಡುಗೆಯವನಿಗೆ ಭಾಗಾಕಾರ ಬಾರದೆ ಹೇಗೆ ನಡೆದೀತು? ಶಾಸನ ಬರೆದವರು ಯಾಕೋ ಅವನ ಹೆಸರು ಹಾಕಿಲ್ಲ.

ಭಾಸ್ಕರ ಸೊನ್ನೆಯಿಂದ ಭಾಗಿಸಿದ ರಾಶಿಗೆ ‘ಖಹರ’ ಎಂದು ಹೆಸರಿಟ್ಟ. ಅದಕ್ಕೆ ಎಷ್ಟು ಕೂಡಿಸಿದರೂ ಎಷ್ಟು ಕಳೆದರೂ ವಿಕಾರವಿಲ್ಲ, ಸೃಷ್ಟಿ ಪ್ರಳಯಗಳಲ್ಲಿ ಜೀವರಾಶಿ ಬಂದರೂ ಹೋದರೂ ಅಚ್ಯುತನಲ್ಲಿ ಬದಲಾವಣೆ ಇಲ್ಲದಂತೆ ಎಂದು ‘ಬೀಜಗಣಿತ’ದಲ್ಲಿ ಹೇಳುತ್ತಾನೆ. ಇದನ್ನು ಬಹಳ ಜನ ಭಾಷಣದಲ್ಲಿ ಹೇಳುತ್ತಾರೆ. ಭಾಷಣಕ್ಕೆ ಬಾರದ ಇನ್ನೊಂದು ಮಾತು ‘ಲೀಲಾವತಿ’ಯಲ್ಲಿದೆ, ನನಗೆ ಅದರ ಮೇಲೆಯೇ ಹೆಚ್ಚು ಪ್ರೀತಿ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದ್ದೀರಿ, ಲೆಕ್ಕ ಇನ್ನೂ ಮುಗಿದಿಲ್ಲ. ಆಗ ಅವಸರಪಟ್ಟು ಸೊನ್ನೆ ಅಂತ ಬರೆಯಬೇಡಿ, ಸೊನ್ನೆ ಗುಣಕವಾಗಿ ನಿಂತಿದೆ ಎಂದು ನೆನಪಿಟ್ಟುಕೊಂಡು ಮುಂದೆ ಹೋಗಿ. ಮುಂದೆ ಎಲ್ಲಾದರೂ ಸೊನ್ನೆಯೇ ಭಾಜಕವಾಗಿ ಬಂದರೆ ಎರಡೂ ಹೋಗಿ ಸಂಖ್ಯೆ ಮೊದಲಿದ್ದ ಹಾಗೆ ಉಳಿಯುತ್ತದೆ. ಅಂದರೆ ಜಗಲಿಯ ಮೇಲೆ ನಮ್ಮ ಹುಡುಗಿ 3 ಹಾಕಿದಾಗ ಎದ್ದ ಪ್ರಶ್ನೆಗೆ ಭಾಸ್ಕರನ ಉತ್ತರ: ಹೊಡೆದುಹಾಕಿ, ಚಿಂತೆ ಬೇಡ.

ಅದಕ್ಕೊಂದು ಲೆಕ್ಕವನ್ನೂ ಕೊಟ್ಟಿದ್ದಾನೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದದ್ದಕ್ಕೆ ಅದರ ಅರ್ಧ ಕೂಡಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63 ಬಂತು. ಸಂಖ್ಯೆ ಯಾವುದು? ಸೊನ್ನೆಯನ್ನು ಸೊನ್ನೆಗೆ ಹೊಡೆದರೆ ಉಳಿಯುವುದು ಸಂಖ್ಯೆಯ ಒಂದೂವರೆಯ ಮೂರು ಪಟ್ಟು, ಅಂದರೆ ನಾಲ್ಕೂವರೆ ಪಟ್ಟು. 63ನ್ನು ನಾಲ್ಕೂವರೆಯಿಂದ ಭಾಗಿಸಬೇಕು. ನಾಲ್ಕೂವರೆ ಎಂದರೆ 9/2, ಉಲ್ಟಾ ಮಾಡಿ ಗುಣಿಸಿದರೆ 14. ಗ್ರಹಗಣಿತದಲ್ಲಿ ಇದರಿಂದ ಬಹಳ ಉಪಯೋಗ ಇದೆ ಎಂದೂ ಸೇರಿಸಿದ್ದಾನೆ. ಐನೂರು ವರ್ಷ ಆದಮೇಲೆ ಯುರೋಪಿನಲ್ಲಿ ನ್ಯೂಟನ್ನು, ಲೈಬ್ನಿಟ್ಸು ಇದೇ ಸೊನ್ನೆಯ ಮೇಲಿನ ಸೊನ್ನೆಯ ಸುತ್ತ ಸುಳಿದಾಡಿ ಕಲನಶಾಸ್ತ್ರ ಕಟ್ಟಿದರು. ಮೂರು ಆಗಬೇಡ, ಮೂರರ ಹತ್ತಿರ ಹತ್ತಿರ ಹೋಗುತ್ತಾ ಇರು, ಉತ್ತರ ಎತ್ತ ವಾಲುತ್ತದೆ ನೋಡು ಎಂಬ ಜಾಣತನ ಪಕ್ಕಾ ನಿಯಮವಾಗಿ ಬರಲು ಮತ್ತೂ ನೂರೈವತ್ತು ವರ್ಷ ಹಿಡಿಯಿತು. ನಮ್ಮ ಲೆಕ್ಕದಲ್ಲಿ 2.9 ಹಾಕಿದರೂ 1, 2.99 ಹಾಕಿದರೂ 1, 3.01 ಹಾಕಿದರೂ 1. ಮೂರರಲ್ಲಿ ಮಾತ್ರ ತೂತು. ಭಾಸ್ಕರನಿಗೆ ಸುತ್ತಲಿನ ಒಂದುಗಳು ಕಂಡವು, ಹೈಸ್ಕೂಲಿಗೆ ತೂತು ಕಾಣಬೇಕು. ಎರಡೂ ಕಾಣುವವರು ಪಿಯುಸಿಯಲ್ಲಿ ಲಿಮಿಟ್ ಪಾಠಕ್ಕೆ ಹೆದರುವುದಿಲ್ಲ ಎಂಬುದು ನಾನು ಕಂಡುಕೊಂಡದ್ದು. ಲಿಮಿಟ್ ಅಂದರೆ ಏನೋ ಹೊಸ ಭೂತ ಬಂತು ಅಂತ ಅಳುವವರೆಲ್ಲ ಎಂಟು ಒಂಬತ್ತನೇ ಕ್ಲಾಸಿನಲ್ಲಿ ಈ ಕೊನೆಯ ಸಾಲು ಬರೆಯದೆ ಬಂದವರು.

ಇದನ್ನೆಲ್ಲ ಮಕ್ಕಳಿಗೆ ಹೇಳಿ ಮುಗಿಸುವ ಹೊತ್ತಿಗೆ ದೀಪ ಹಚ್ಚಿಯಾಗಿತ್ತು. ಓದು ಬಿಟ್ಟು ರಾಜನಾಗಬೇಕೆಂದಿದ್ದ ಹುಡುಗ ಆಗಲೇ ಬ್ಯಾಗು ಹೆಗಲಿಗೇರಿಸಿದ್ದ. ಆನವಟ್ಟಿಯಿಂದ ಅಜ್ಜಿ ಮನೆಗೆ ಬಂದು ಓದುತ್ತಿರುವ ಆ ಹುಡುಗಿ ಮಾತ್ರ ಏಳಲಿಲ್ಲ. ‘ಸರ್, ಹಂಗಾದ್ರೆ ಭಾಸ್ಕರಾಚಾರ್ಯ ಈ ಸಲ ಎಸ್ಸೆಸ್ಸೆಲ್ಸಿ ಬರೆದು, ಉತ್ತರ 1 ಅಂತ ಅಷ್ಟೇ ಬರೆದಿದ್ರೆ?’

‘ಅರ್ಧ ಅಂಕ ಕಡಿತಿದ್ರು ಕಣಮ್ಮ.’

‘ಉತ್ತರಪತ್ರಿಕೆ ಛಾಯಾಪ್ರತಿ ತರಿಸಿ ಮರುಮೌಲ್ಯಮಾಪನಕ್ಕೆ ಹಾಕಬೌದಿತ್ತಲ್ಲ?’

ಹಾಕಬಹುದಿತ್ತು. ಅರ್ಧ ಅಂಕ ವಾಪಸು ಬರುತ್ತಿತ್ತೋ ಇಲ್ಲವೋ ತಿದ್ದುವವರ ಮೇಲೆ ಹೋಗುತ್ತದೆ. ಬರದಿದ್ದರೆ ಪರೀಕ್ಷೆ-2 ಇದೆ ಅಂದೆ. ಅವಳು ನೋಟ್‌ಬುಕ್ಕು ತೆರೆದು ಉತ್ತರದ ‘1’ರ ಮುಂದೆ ಒಂದು ಅಲ್ಪವಿರಾಮ ಹಾಕಿದಳು, ‘ಯಾ’ ಬರೆದಳು, ಸಮ ಚಿಹ್ನೆಗೆ ಗೆರೆ ಹೊಡೆದಳು, 3, −2, −3 ಬರೆದು, ‘ಇದಕ್ಕೆ ಬೇರೆ ಅಂಕ ಕೊಡ್ತಾರಾ ಸರ್?’ ಅಂದಳು.